ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್: ಹೃದಯದ ಕವಾಟ ಮತ್ತು ರಕ್ತ ಹೆಪ್ಪುಗಟ್ಟುವ ಅಪಾಯ

ದೇಹವನ್ನು ರಕ್ಷಿಸಬೇಕಾದ ಪ್ರತಿಕಾಯಗಳು ದೇಹದ ವಿರುದ್ಧವೇ ವರ್ತಿಸಿ, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಕಾಯಿಲೆ ಇದಾಗಿದೆ. ಇದು ಸಾಂಕ್ರಾಮಿಕವಲ್ಲ. ಲೂಪಸ್ ಕಾಯಿಲೆಯುಳ್ಳವರಲ್ಲಿಯೂ ಇತರರಲ್ಲಿಯೂ ಕಾಣಿಸಿಕೊಳ್ಳಬಹುದು.

ಕಾಲಿನ ರಕ್ತನಾಳದಲ್ಲಿ ಉಂಟಾದ ಹೆಪ್ಪು ಶ್ವಾಸಕೋಶಕ್ಕೆ ಸಾಗಬಹುದು. ಹೃದಯದ ಕವಾಟಗಳು, ವಿಶೇಷವಾಗಿ ಮೈಟ್ರಲ್ ಕವಾಟ, ದಪ್ಪಗಾಗಿ ಸೋರಬಹುದು. ಅದರ ಮೇಲಿನ ಹೆಪ್ಪಿನ ಚೂರು ಮೆದುಳಿಗೆ ಸಾಗಿದಲ್ಲಿ ಪಾರ್ಶ್ವವಾಯು ಉಂಟಾಗುತ್ತದೆ. ಕವಾಟದ ತೊಂದರೆಗೆ ಆರಂಭದಲ್ಲಿ ಯಾವುದೇ ಲಕ್ಷಣ ಇಲ್ಲದಿರಬಹುದು. ಎಕೋಕಾರ್ಡಿಯೋಗ್ರಾಮ್ ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು. ಪ್ಲೇಟ್‌ಲೆಟ್ ಸಂಖ್ಯೆ ಕಡಿಮೆಯಿದ್ದರೂ ಹೆಪ್ಪುಗಟ್ಟುವ ಅಪಾಯ ತಪ್ಪುವುದಿಲ್ಲ.

ಸೋಂಕಿನ ಸಮಯದಲ್ಲಿಯೂ ಈ ಪ್ರತಿಕಾಯಗಳು ತಾತ್ಕಾಲಿಕವಾಗಿ ಕಂಡುಬರುವುದರಿಂದ, ಕನಿಷ್ಠ 12 ವಾರಗಳ ನಂತರ ರಕ್ತಪರೀಕ್ಷೆಯನ್ನು ಪುನಃ ಮಾಡಲಾಗುತ್ತದೆ. ಆದ್ದರಿಂದ ಮೊದಲ ವರದಿಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

ಹೆಪ್ಪುಗಟ್ಟಿದ ರೋಗಿಗಳಿಗೆ ಸಾಮಾನ್ಯವಾಗಿ ವಾರ್ಫರಿನ್ ಮಾತ್ರೆಯನ್ನು ದೀರ್ಘಕಾಲ ನೀಡಲಾಗುತ್ತದೆ. ಐ.ಎನ್.ಆರ್. ರಕ್ತಪರೀಕ್ಷೆಯ ಪ್ರಮಾಣವನ್ನು ಬಹುತೇಕ ರೋಗಿಗಳಲ್ಲಿ 2ರಿಂದ 3ರ ನಡುವೆ ಕಾಯ್ದುಕೊಳ್ಳಲಾಗುತ್ತದೆ. ಆರಾಮವೆನಿಸಿತೆಂದು ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ವಾರ್ಫರಿನ್ ಭ್ರೂಣಕ್ಕೆ ಹಾನಿಕರವಾದ್ದರಿಂದ, ಗರ್ಭಧಾರಣೆಗೆ ಮುನ್ನವೇ ವೈದ್ಯರ ಸಲಹೆ ಪಡೆಯಬೇಕು.

ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಊತ, ಮಾತಿನ ತೊದಲಿಕೆ ಅಥವಾ ಕೈಕಾಲಿನ ನಿಶ್ಶಕ್ತಿ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು. ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.