ಹೆಬ್ಬೆಟ್ಟಿಗೂ ಜಾಗವಿರುವ ಪುಸ್ತಕ

ಬಳ್ಳಾರಿ ಜಿಲ್ಲೆಯ ಎಮ್ಮಿಗನೂರಿನಂಥ ಊರಿನಲ್ಲಿ ಶಾಲೆಯ ಸಭೆ ಯಾವಾಗ ಕೂಡುತ್ತದೆ ಎಂದು ತಿಳಿಯಲು ಕ್ಯಾಲೆಂಡರಿಗಿಂತ ಕಾಲುವೆಯನ್ನು ನೋಡುವುದು ಲೇಸು. ತುಂಗಭದ್ರೆಯ ಬಲದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಕಂಪ್ಲಿ ಸೀಮೆಯ ಗದ್ದೆಗಳೆಲ್ಲ ಕೆಸರು. ಹೆಣ್ಣುಮಕ್ಕಳು ಬೆಳಗಿನ ಹೊತ್ತಿಗೇ ಬುತ್ತಿ ಕಟ್ಟಿಕೊಂಡು ನಾಟಿಗೆ ಹೊರಟರೆ ಮರಳುವುದು ಹೊತ್ತು ಮುಳುಗುವಾಗ. ಅಂಥ ದಿನಗಳಲ್ಲಿ ಮಧ್ಯಾಹ್ನ ಮೂರಕ್ಕೆ ಸಭೆ ಎಂದು ನೋಟಿಸು ಕಳಿಸಿದರೆ ಬರುವವರು ಇಬ್ಬರೋ ಮೂವರೋ. "ನಾಟಿ ಮುಗೀಲಿ ಸರಾ, ಆಮ್ಯಾಲೆ ಇಡ್ರಿ" ಎಂಬ ಉತ್ತರವನ್ನು ಈ ಭಾಗದ ಮುಖ್ಯ ಶಿಕ್ಷಕರು ಎಷ್ಟು ಸಲ ಕೇಳಿರುತ್ತಾರೋ ಲೆಕ್ಕವಿಲ್ಲ. ಒಂದು ದಿನದ ಕೂಲಿ ಬಿಟ್ಟು ಬೆಂಚಿನ ಮೇಲೆ ಕೂರು ಎಂದು ಯಾವ ಬಾಯಿಂದ ಹೇಳುವುದು?

ಸಭೆ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. ಇಷ್ಟುದ್ದದ ಹೆಸರನ್ನು ಪೂರ್ತಿ ಬಳಸುವುದು ಬಿಇಒ ಕಚೇರಿಯ ಸುತ್ತೋಲೆ ಮಾತ್ರ. ಊರಿನವರ ಬಾಯಲ್ಲಿ ಅದು ಎಸ್‌ಡಿಎಂಸಿ, ಇನ್ನೂ ಚಿಕ್ಕದಾಗಿ 'ಸಾಲಿ ಕಮಿಟಿ'. ರಾಜ್ಯದ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಇಂಥದ್ದೊಂದು ಇದೆ. ಚುನಾಯಿತ ಪೋಷಕ ಸದಸ್ಯರು 18 ಮಂದಿ, ಅವರಲ್ಲಿ ಅರ್ಧದಷ್ಟು ಮಹಿಳೆಯರು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಪಾಲು. ಅಧ್ಯಕ್ಷರು ಪೋಷಕರ ಪೈಕಿಯವರೇ ಆಗಬೇಕು. ಮುಖ್ಯ ಶಿಕ್ಷಕರು ಪದನಿಮಿತ್ತ ಕಾರ್ಯದರ್ಶಿ. ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ, ವಾರ್ಡಿನ ಸದಸ್ಯರು ಹುದ್ದೆಯ ಬಲದಿಂದ ಬಂದು ಕೂರುತ್ತಾರೆ.

ಈ ಏರ್ಪಾಟಿನಲ್ಲಿ ಒಂದು ಸೊಗಸಿದೆ. ಗ್ರಾಮ ಪಂಚಾಯ್ತಿಗೆ ನಿಲ್ಲಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇಲ್ಲಿ ನಿಲ್ಲಲು ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿರಬೇಕು. ಊರಿನ ಸ್ಥಿತಿವಂತರು ಮಕ್ಕಳನ್ನು ಬೆಳಿಗ್ಗೆ ಹಳದಿ ವ್ಯಾನು ಹತ್ತಿಸಿ ಕಾನ್ವೆಂಟಿಗೆ ಕಳಿಸಿದ ದಿನವೇ ಪೋಷಕ ಸದಸ್ಯನ ಕುರ್ಚಿಯನ್ನೂ ಬಿಟ್ಟುಕೊಟ್ಟಂತಾಯಿತು. ಉಳಿದವರು ಗದ್ದೆ ಕೂಲಿಯವರು, ಕುರಿ ಕಾಯುವವರು, ಆಟೊ ಓಡಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು. ಸರ್ಕಾರದ ದುಡ್ಡಿರುವ ಬ್ಯಾಂಕ್ ಖಾತೆಗೆ ಜಂಟಿ ಸಹಿ ಹಾಕುವ ಅಧಿಕಾರ ಇಂಥವರಿಗೆ ಸಿಗುವ ಬೇರೆ ಸ್ಥಳ ಯಾವುದಿದೆಯೋ ನನಗಂತೂ ಹೊಳೆಯುತ್ತಿಲ್ಲ.

ಹಿಂದೆ ಹೀಗಿರಲಿಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಅಲ್ಲಿ 1884ರ ಕಾಯ್ದೆಯಿಂದ ಬೆಳೆದ ತಾಲ್ಲೂಕು ಬೋರ್ಡು, ಜಿಲ್ಲಾ ಬೋರ್ಡುಗಳು ರಸ್ತೆ, ಛತ್ರ, ಆಸ್ಪತ್ರೆಗಳ ಜೊತೆಗೆ ಶಾಲೆಗಳನ್ನೂ ನಡೆಸುತ್ತಿದ್ದವು. 'ಬೋರ್ಡ್ ಸ್ಕೂಲು' ಎಂಬ ಮಾತು ಬಂದದ್ದು ಅಲ್ಲಿಂದ. ಪಕ್ಕದ ಸಂಡೂರಿನ ಕತೆ ಬೇರೆ, ಅದು 1949ರವರೆಗೂ ಘೋರ್ಪಡೆ ಅರಸರ ಸ್ವಂತ ಸಂಸ್ಥಾನ. ಅತ್ತ ಧಾರವಾಡ, ವಿಜಾಪುರಗಳು ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿ 1923ರ ಕಾಯ್ದೆಯ 'ಸ್ಕೂಲ್ ಬೋರ್ಡು' ಇತ್ತು, ಅದಕ್ಕೊಬ್ಬ ಚೇರ್ಮನ್ನರಿದ್ದರು. ಈ ಬೋರ್ಡುಗಳಲ್ಲಿ ಕೂರುತ್ತಿದ್ದವರು ಜಮೀನುದಾರರು, ವಕೀಲರು, ಸಾಹುಕಾರರು. ಅವರ ಮಕ್ಕಳು ಆ ಶಾಲೆಗಳಲ್ಲೇ ಓದಬೇಕೆಂಬ ಷರತ್ತು ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಕಾಲದವರಿಗೆ ನೆನಪಿರುವುದು ಶಾಲಾ ಬೆಟರ್‌ಮೆಂಟ್ ಕಮಿಟಿ. ಆಗಸ್ಟ್ ಹದಿನೈದಕ್ಕೆ ಪೆಪ್ಪರಮೆಂಟು ಕೊಡಿಸುವುದು, ಗ್ಯಾದರಿಂಗಿಗೆ ಶಾಮಿಯಾನ ಹಾಕಿಸುವುದು ಅದರ ದೊಡ್ಡ ಕೆಲಸ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಅಣು ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದಲ್ಲಿ ಶಿಕ್ಷಣದ ಕಾರ್ಯಪಡೆಯೊಂದು ಆಯಿತು. ಶಾಲೆಯನ್ನು ನೋಡಿಕೊಳ್ಳುವ ಹಕ್ಕು ಅಲ್ಲಿ ಓದುವ ಮಕ್ಕಳ ತಂದೆತಾಯಿಗೆ ಇರಲಿ ಎಂದು ಅದು ಶಿಫಾರಸು ಮಾಡಿತು. 2001ರ ಏಪ್ರಿಲ್‌ನಲ್ಲಿ ಸರ್ಕಾರಿ ಆದೇಶ ಹೊರಟು ಎಸ್‌ಡಿಎಂಸಿ ಹುಟ್ಟಿತು. 2006ರ ಮಾದರಿ ಬೈಲಾ ಅದನ್ನು ಪಂಚಾಯತ್ ರಾಜ್ ಕಾಯ್ದೆಯ ಒಳಗೆ ತಂದು ಗ್ರಾಮ ಪಂಚಾಯ್ತಿಗೆ ಗಂಟು ಹಾಕಿತು. ದೇಶದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದರ 21ನೇ ಕಲಮು ಪ್ರತಿ ಸರ್ಕಾರಿ ಶಾಲೆಗೂ ಇಂಥ ಸಮಿತಿ ಇರಲೇಬೇಕೆಂದಿತು. ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಎಂದಿತು. ಕರ್ನಾಟಕಕ್ಕೆ ಆಗಲೇ ಒಂಬತ್ತು ವರ್ಷದ ರೂಢಿ ಇತ್ತು.

ಹೆಂಗಸರ ಮಾತು ಬಂದದ್ದಕ್ಕೆ ಒಂದು ಹಳೆಯ ಸಂಗತಿ. ಇಂಗ್ಲೆಂಡಿನಲ್ಲಿ 1870ರ ಕಾಯ್ದೆ ಊರೂರಿಗೆ ಸ್ಕೂಲ್ ಬೋರ್ಡು ತಂದಾಗ ಅಲ್ಲಿನ ಹೆಂಗಸರಿಗೆ ಪಾರ್ಲಿಮೆಂಟಿನ ಮತವಿರಲಿಲ್ಲ, ಆದರೆ ಬೋರ್ಡಿಗೆ ನಿಲ್ಲಬಹುದಿತ್ತು. ಆ ವರ್ಷವೇ ವೈದ್ಯೆ ಎಲಿಜಬೆತ್ ಗ್ಯಾರೆಟ್ ಮತ್ತು ಎಮಿಲಿ ಡೇವಿಸ್ ಲಂಡನ್ನಿನ ಬೋರ್ಡಿಗೆ ಗೆದ್ದು ಬಂದರು. ಆ ಬೋರ್ಡುಗಳಿಗೆ ಸ್ಥಳೀಯ ತೆರಿಗೆಯ ದುಡ್ಡಿತ್ತು. ಅಮೆರಿಕದಲ್ಲಂತೂ ಇವತ್ತಿಗೂ ಬಹುಪಾಲು ಊರುಗಳ ಬೋರ್ಡು ಬಜೆಟ್ಟು ಮಾಡುತ್ತದೆ, ಶಾಲೆಗಳ ಮುಖ್ಯಾಧಿಕಾರಿಯನ್ನೂ ನೇಮಿಸುತ್ತದೆ. ನಮ್ಮ ಕಮಿಟಿಗೆ ಮೇಷ್ಟರ ಬದಲಿಗೆ ಇನ್ನೊಬ್ಬ ಮೇಷ್ಟರನ್ನು ತರುವ ಶಕ್ತಿಯೂ ಇಲ್ಲ. ಅರ್ಜಿ ಬರೆದು ಬಿಇಒ ಕಚೇರಿಗೆ ಹೋಗಬೇಕು, ಅತಿಥಿ ಶಿಕ್ಷಕರಿಗಾಗಿ ಕಾಯಬೇಕು.

ಹಾಗಿದ್ದರೆ ಕೂತು ಏನು ಮಾತಾಡುತ್ತಾರೆ? ಬಹಳ ಇದೆ. ಮೊದಲು ದುಡ್ಡು. ಸಮಗ್ರ ಶಿಕ್ಷಣ ಯೋಜನೆಯಿಂದ ಮಕ್ಕಳ ಸಂಖ್ಯೆ ನೋಡಿ ವರ್ಷಕ್ಕೊಮ್ಮೆ ಶಾಲಾ ಅನುದಾನ ಬರುತ್ತದೆ: ನೂರು ದಾಟಿ 250ರೊಳಗೆ ಮಕ್ಕಳಿದ್ದರೆ 50 ಸಾವಿರ ರೂಪಾಯಿ, ಅದಕ್ಕೂ ಮೇಲೆ ಸಾವಿರದವರೆಗೆ 75 ಸಾವಿರ. ಸೀಮೆಸುಣ್ಣ, ಕರೆಂಟ್ ಬಿಲ್, ನಲ್ಲಿ ರಿಪೇರಿ, ಒಡೆದ ಹೆಂಚು ಎಲ್ಲಕ್ಕೂ ಅದೇ. ಅದರಲ್ಲಿ ಹತ್ತನೇ ಒಂದು ಪಾಲು ಶುಚಿತ್ವಕ್ಕೆ ಮೀಸಲಿಡಬೇಕು. ಹೊಸ ಕೊಠಡಿ ಬೇಕೆಂದರೆ ಕಮಿಟಿ ಠರಾವು ಬರೆದು ಕಳಿಸಬಹುದು ಅಷ್ಟೆ. ಅದು ಕಲ್ಯಾಣ ಕರ್ನಾಟಕ ಮಂಡಳಿಯಿಂದಲೋ, ಸಂಡೂರಿನ ಕಡೆಯಾದರೆ ಗಣಿ ನಿಧಿಯಿಂದಲೋ ಬರಬೇಕು. ಅಂಥ ಅರ್ಜಿ ಹೊರುವ ದಾರಿಯೂ ಬದಲಾಗಿದೆ. ಕಂಪ್ಲಿ ಹೊಸ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಗಿ ಬೇರೆ ಹೋಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಶಾಲೆಯ ಗೋಡೆಗೆ ಬರೆದ ವಿಳಾಸ ಅಳಿಸಿ ಬರೆಸುವುದೂ ಅನುದಾನದ ಖರ್ಚೇ.

ಚರ್ಚೆಗೆ ಬಿಸಿ ಏರುವುದು ಶೂ ವಿಷಯದಲ್ಲಿ. ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ ಕೊಡಿಸುವ ಕೆಲಸವನ್ನು ಸರ್ಕಾರ ಕಮಿಟಿಗೇ ಒಪ್ಪಿಸಿದೆ. ಐದನೇ ತರಗತಿಯವರೆಗೆ ತಲೆಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295 ಎಂಬ ದರ ಕೆಲವು ವರ್ಷಗಳಿಂದ ನಡೆದುಬಂತು. ಆ ದರಕ್ಕೆ ಮಳೆಗಾಲ ತಡೆಯುವ ಶೂ ಯಾವ ಅಂಗಡಿಯಲ್ಲಿದೆ? ಹೊಸಪೇಟೆಯ ವ್ಯಾಪಾರಿ ಮೇಲೋ, ಬಳ್ಳಾರಿಯ ವ್ಯಾಪಾರಿ ಮೇಲೋ ಎಂಬ ಮಾತು ಅರ್ಧ ಗಂಟೆ ನಡೆಯುತ್ತದೆ. ಇಲ್ಲಿ ಗಂಡಸರಿಗಿಂತ ತಾಯಂದಿರ ಮಾತೇ ಖಡಕ್ಕು. ಶೂ ಹಿಡಿದು ಅಟ್ಟೆಯನ್ನು ಮಡಿಸಿ ನೋಡುವವರು ಅವರೇ. ಹಬ್ಬಕ್ಕೆ ಮುಂಚೆ ಬಾಯಿ ಬಿಟ್ಟರೆ ಮನೆಯಲ್ಲಿ ಮಗುವಿಗೆ ಉತ್ತರ ಹೇಳಬೇಕಾದವರೂ ಅವರೇ.

ಆಮೇಲೆ ಅಡುಗೆಮನೆ. ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದು 2002ರ ಜೂನ್‌ನಲ್ಲಿ, ಬಳ್ಳಾರಿಯೂ ಸೇರಿದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆಯೂ ಮೊದಲು ಬಂದದ್ದು ಈ ಕಡೆಗೇ, 2021ರ ಡಿಸೆಂಬರ್‌ನಲ್ಲಿ. ಮೊಟ್ಟೆ ಬೇಕೋ ಬೇಡವೋ ಎಂದು ಬೆಂಗಳೂರಿನಲ್ಲಿ ದೊಡ್ಡ ದೊಡ್ಡವರು ಪತ್ರಿಕೆಗಳಲ್ಲಿ ಕಿತ್ತಾಡುತ್ತಿದ್ದಾಗ ಇಲ್ಲಿನ ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ತಿನ್ನದವರಿಗೆ ಬಾಳೆಹಣ್ಣು. ಬಾಳೆಗೆ ಹೆಸರಾದ ಕಂಪ್ಲಿ ಸೀಮೆಯಲ್ಲಿ ಹಣ್ಣಿಗೇನೂ ಬರವಿಲ್ಲ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ಮೊಟ್ಟೆ ವಾರಕ್ಕೆ 6 ದಿನವಾಯಿತು. ಲೆಕ್ಕಕ್ಕೆ ಒಂದಕ್ಕೆ 6 ರೂಪಾಯಿ. ಚಳಿಗಾಲ ಬಂದು ಅಂಗಡಿಯಲ್ಲಿ ಮೊಟ್ಟೆಯ ದರ ಅದನ್ನು ದಾಟಿದರೆ ಮೇಲಿನ ದುಡ್ಡು ಯಾರ ಜೇಬಿನದು? ಮುಖ್ಯ ಶಿಕ್ಷಕರು ಆಗ ಮೇಲಿನ ಫ್ಯಾನನ್ನು ನೋಡುತ್ತಾರೆ. ಫ್ಯಾನು ತಿರುಗುತ್ತಿದ್ದರೆ.

ಮೂರನೆಯದು ಹಾಜರಾತಿ. ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ ಸುಗ್ಗಿಯಲ್ಲಿ ದೊಡ್ಡ ತರಗತಿಯ ಹೆಣ್ಣುಮಕ್ಕಳು ತಾಯಿಯ ಜೊತೆ ಹೊಲಕ್ಕೆ ಹೋಗುತ್ತಾರೆ, ಇಲ್ಲವೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಕಮಿಟಿ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. "ಮಗಳನ್ನು ಕಳಿಸಿ" ಎಂದು ಮೇಷ್ಟರು ಮನೆ ಬಾಗಿಲಿಗೆ ಹೋದರೆ "ಆಯ್ತು ಸರಾ" ಎಂಬ ಉತ್ತರ ಬರುತ್ತದೆ, ಮಗಳು ಬರುವುದಿಲ್ಲ. ಅದೇ ಸಾಲಿನಲ್ಲಿ ನಾಟಿ ಹಚ್ಚುವ ಇನ್ನೊಬ್ಬ ಹೆಂಗಸು, ಕಮಿಟಿಯ ಮೆಂಬರು, ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ "ಯಾಕವ್ವ ನಿನ್ನ ಮಗಳು ಎಂಟು ದಿನದಿಂದ ಸಾಲಿಗೆ ಬಂದಿಲ್ಲಂತ?" ಎಂದು ಕೇಳಿದರೆ ಅದಕ್ಕೊಂದು ತೂಕ.

ಇಷ್ಟೂ ಮಾತು ಕೊನೆಗೆ ಬಂದು ಸೇರುವುದು ನಡಾವಳಿ ಪುಸ್ತಕಕ್ಕೆ. ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರು. ಮುಖ್ಯ ಶಿಕ್ಷಕರ ಬೀರುವಿನಲ್ಲಿ ದಾಖಲಾತಿ ಪುಸ್ತಕದ ಪಕ್ಕ ಇರುತ್ತದೆ. ಎಡಕ್ಕೆ ವಿಷಯ, ಬಲಕ್ಕೆ ತೀರ್ಮಾನ, ಕೆಳಗೆ ಹಾಜರಿದ್ದವರ ಸಹಿ. 2011ರ ಜನಗಣತಿಯಂತೆ ಬಳ್ಳಾರಿ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ 58ರ ಆಸುಪಾಸು. ಹಾಗಾಗಿ ಸಹಿಗಳ ನಡುವೆ ಅಲ್ಲಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು, ಅದರ ಪಕ್ಕ ಮೇಷ್ಟರ ಕೈಬರಹದಲ್ಲಿ ಹೆಸರು. ಅವರಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಉರ್ದು ಅಥವಾ ಲಂಬಾಣಿ. ಪುಸ್ತಕದ ಕನ್ನಡವೋ 'ಸರ್ವಾನುಮತದಿಂದ ನಿರ್ಣಯಿಸಲಾಯಿತು', 'ಘಟನೋತ್ತರ ಮಂಜೂರಾತಿ ನೀಡಲಾಯಿತು' ಎಂಬ ಜಾತಿಯದು. ಕನ್ನಡವೇ ಮನೆಮಾತಾದವರಿಗೂ ಅದು ಅಷ್ಟೇ ದೂರ.

ಪುಸ್ತಕಕ್ಕೆ ಇನ್ನೊಂದು ಚಾಳಿಯಿದೆ. ಸಭೆಗೆ ಜನ ಬಾರದಿದ್ದರೆ ಅದೇ ಜನರ ಬಳಿಗೆ ಹೊರಡುತ್ತದೆ. ಸಂಜೆ ಒಬ್ಬ ಶಿಕ್ಷಕ ಬೈಕಿನ ಹಿಂದೆ ಅದನ್ನಿಟ್ಟುಕೊಂಡು ಮನೆ ಮನೆ ತಿರುಗಿ "ಇಲ್ಲೊಂದು ಸಹಿ ಹಾಕ್ರಿ ಅಕ್ಕಾ" ಎನ್ನುತ್ತಾನೆ. ಸಹಿ ಬೀಳುತ್ತದೆ, ಕೋರಂ ತುಂಬುತ್ತದೆ, ಠರಾವು ಪಾಸಾಗುತ್ತದೆ. ನಾನು ಕಂಡ ಅನೇಕ ಕಡೆ ಇದನ್ನು ಯಾರೂ ಮೋಸ ಎಂದುಕೊಂಡಿಲ್ಲ, ಅನುಕೂಲ ಎಂದುಕೊಂಡಿದ್ದಾರೆ. ಬಿಲ್ಲು ಕಳಿಸಲು ನಾಳೆ ಕಡೆಯ ದಿನ, ನಾಟಿ ಇನ್ನೂ ಹದಿನೈದು ದಿನ. ಮೇಷ್ಟರ ಕಷ್ಟವೂ ಸುಳ್ಳಲ್ಲ. ಆದರೆ 265 ರೂಪಾಯಿಯ ಶೂವಿನ ಅಟ್ಟೆಯನ್ನು ಮಡಿಸಿ ನೋಡುವ ಕೈ ಆ ದಿನ ಬರೀ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತದೆ.

ಕೆಲವು ಮುಖ್ಯ ಶಿಕ್ಷಕರು ಬೇರೆ ದಾರಿ ಹಿಡಿದಿದ್ದಾರೆ. ಸಭೆಯನ್ನು ಸಂಜೆ ಏಳಕ್ಕೋ, ಗದ್ದೆಗೆ ರಜೆಯಿರುವ ಅಮಾವಾಸ್ಯೆಯ ದಿನಕ್ಕೋ ಇಡುತ್ತಾರೆ. ಹಿಂದಿನ ನಡಾವಳಿಯನ್ನು ಗಟ್ಟಿಯಾಗಿ, ಆಡುಮಾತಿನಲ್ಲಿ ಓದಿ ಹೇಳುತ್ತಾರೆ. ಖರ್ಚಿನ ಪಟ್ಟಿಯನ್ನು ವರಾಂಡದ ಬೋರ್ಡಿನ ಮೇಲೆ ಬರೆಯುತ್ತಾರೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಓದುತ್ತ ನಿಂತರೆ ಪಕ್ಕದಲ್ಲಿ ಅವಳ ತಾಯಿಯೂ ನಿಲ್ಲುತ್ತಾಳೆ.

ಈ ತಾಯಂದಿರ ಸಿಟ್ಟನ್ನು ಸರ್ಕಾರವೂ ಒಮ್ಮೆ ನೋಡಿದೆ. 2022ರ ಅಕ್ಟೋಬರಿನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆಯನ್ನು ಎಸ್‌ಡಿಎಂಸಿ ಪಡೆಯಬಹುದು ಎಂಬ ಸುತ್ತೋಲೆ ಹೊರಟಿತು. ಸ್ವಇಚ್ಛೆಯ ದೇಣಿಗೆ ಎಂದೇ ಬರೆದಿತ್ತು. ಸುಗ್ಗಿಯಲ್ಲಷ್ಟೇ ಕೈಗೆ ಕಾಸು ಕಾಣುವ ಮನೆಗಳಲ್ಲಿ ಇಚ್ಛೆಗೂ ಬಲವಂತಕ್ಕೂ ನಡುವಿನ ಗೋಡೆ ಎಷ್ಟು ತೆಳುವೆಂದು ಆ ಮನೆಗಳವರಿಗೆ ಗೊತ್ತು. ರಾಜ್ಯದ ತುಂಬ ಗದ್ದಲವಾಗಿ ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು.

ಕಮಿಟಿಯ ಅವಧಿ ಮೂರು ವರ್ಷ. ಆದರೆ ಅಷ್ಟರೊಳಗೆ ಮಗು ಆ ಶಾಲೆ ಬಿಟ್ಟರೆ ತಂದೆತಾಯಿಯ ಸದಸ್ಯತ್ವವೂ ಹೋಗುತ್ತದೆ. ಅಧ್ಯಕ್ಷರಿಗೂ ವಿನಾಯಿತಿಯಿಲ್ಲ. ಎಂಟನೇ ತರಗತಿ ಮುಗಿದು ಹೈಸ್ಕೂಲಿಗೆ ಟಿಸಿ ಬೇಕೆಂದು ಮಗಳನ್ನು ಕರೆದುಕೊಂಡು ಬಂದ ಅಧ್ಯಕ್ಷೆಗೆ ಮುಖ್ಯ ಶಿಕ್ಷಕರು ಎರಡು ಪುಸ್ತಕ ಮುಂದಿಡುತ್ತಾರೆ. ಒಂದರಲ್ಲಿ ಟಿಸಿ ಪಡೆದದ್ದಕ್ಕೆ ಸಹಿ. ಇನ್ನೊಂದು ನಡಾವಳಿ ಪುಸ್ತಕ, ಅದರಲ್ಲಿ ಬ್ಯಾಂಕ್ ಖಾತೆಗೆ ಮುಂದಿನ ಅಧ್ಯಕ್ಷರ ಹೆಸರು ಸೇರಿಸುವ ಠರಾವು.