ಗೆಳೆಯರ ಹಾಯಿ ಬೋಟ್‌ನಲ್ಲಿ ದ್ವೀಪಕ್ಕೆ ಕರೆ ಬಂದಿದೆಯಾ? ಹತ್ತೋ ಮೊದಲು ತಲೆ ಎಣಿಸಿ

ಕಾರವಾರ: ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ ನಮ್ಮ ಕಡೆ ಮನೆಗಳಿಗೆ ಎರಡು ಥರದ ಫೋನ್ ಬರುತ್ತೆ. ಒಂದು ಹುಬ್ಬಳ್ಳಿ, ಬೆಂಗಳೂರು ನೆಂಟರದ್ದು. ಕುರ್ಮಗಡಕ್ಕೆ ಬೋಟ್ ಸಿಗುತ್ತಾ, ಎಷ್ಟು ತಗೋತಾರೆ ಅಂತ. ಇನ್ನೊಂದು ಸ್ವಲ್ಪ ಹೊಸದು. ಮರ್ಚಂಟ್ ನೇವಿಗೆ ಹೋದ ಹುಡುಗರಿಗೆ, ಗೋವಾದಲ್ಲಿ ಕೆಲಸ ಮಾಡೋರಿಗೆ ಹಾಯಿ ಬೋಟ್ ಇರೋ ಗೆಳೆಯರು ಸಿಗ್ತಾರೆ. ಅವರು ಫೋನ್ ಮಾಡಿ, ನಾವು ಬೋಟ್‌ನಲ್ಲೇ ಕಾರವಾರದ ಕಡೆ ಬರ್ತೀವಿ, ಮನೆಯವರನ್ನ ಕರ್ಕೊಂಡು ಬನ್ನಿ, ದ್ವೀಪದಲ್ಲಿ ಎರಡು ದಿನ ಇರೋಣ ಅಂತಾರೆ.

ಕೇಳೋಕೆ ಸಿನಿಮಾ ಥರ ಇದೆ. ಆದರೆ ಯಾವ ದ್ವೀಪಕ್ಕೆ ಹೋಗಬಹುದು, ಬೋಟ್ ಎಲ್ಲಿ ನಿಲ್ಲುತ್ತೆ, ಯಾರಿಗೆ ಹೇಳಬೇಕು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಟಿಕೆಟ್ ತಗೊಂಡು ಹೋಗೋ ಬೋಟ್‌ನಲ್ಲಿ ಜನ ಎಣಿಸೋಕೆ ಒಬ್ಬನಾದರೂ ಇರ್ತಾನೆ, ಅಥವಾ ಇರಬೇಕು. ಗೆಳೆಯರ ಬೋಟ್‌ನಲ್ಲಿ ಟಿಕೆಟ್ಟೂ ಇಲ್ಲ, ಲೆಕ್ಕವೂ ಇಲ್ಲ. ಹೊರಡೋ ಹೊತ್ತಿಗೆ ಪಕ್ಕದ ಮನೆ ಮಕ್ಕಳೂ ಬಂದು ನಿಂತಿರ್ತಾರೆ, ಬೇಡ ಅನ್ನೋಕೆ ದಾಕ್ಷಿಣ್ಯ. ಈ ದಾಕ್ಷಿಣ್ಯ ಎಲ್ಲಿಗೆ ಮುಟ್ಟಿಸುತ್ತೆ ಅಂತ ಕಾರವಾರದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

2019ರ ಜನವರಿ 21. ಪುಷ್ಯ ಹುಣ್ಣಿಮೆ, ಕುರ್ಮಗಡ ನರಸಿಂಹ ದೇವರ ಜಾತ್ರೆ. ದೇವರ ದರ್ಶನ ಮುಗಿಸಿ ವಾಪಸ್ ಬರ್ತಿದ್ದ ಬೋಟ್ ಮಧ್ಯಾಹ್ನದ ಮೇಲೆ ಮಗುಚಿತು. ಅದರಲ್ಲಿ 30ಕ್ಕೂ ಹೆಚ್ಚು ಜನ ಇದ್ದರು, ಬಹುತೇಕರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. 16 ಜನ ಸತ್ತರು. ಅದರಲ್ಲಿ ಮಕ್ಕಳೂ ಇದ್ದರು. ಬದುಕಿ ಬಂದವರಲ್ಲಿ ಕೆಲವರನ್ನು ಎತ್ತಿದ್ದು ಅದೇ ದಾರಿಯಲ್ಲಿ ಬರ್ತಿದ್ದ ಬೇರೆ ಬೋಟ್‌ನವರು.

ಹೋಗೋದು ಸುಲಭ, ಬರೋದು ಕಷ್ಟ, ಯಾಕೆ?

ಕುರ್ಮಗಡ ಬಹಳ ದೂರ ಇಲ್ಲ. ದೇವಬಾಗದ ದಂಡೆಯಲ್ಲಿ ನಿಂತರೆ ಆಮೆ ಮಲಗಿದ ಹಾಗೆ ಎದುರಿಗೇ ಕಾಣುತ್ತೆ. ಇಷ್ಟು ಹತ್ತಿರ ಇರೋದೇ ಮೋಸ. ಇಷ್ಟೇ ಅಲ್ವಾ ಅನಿಸಿಬಿಡುತ್ತೆ.

ಚಳಿಗಾಲದಲ್ಲಿ ನಮ್ಮ ಕಡೆ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತೆ. ದಂಡೆ ಹತ್ತಿರ ನೀರು ಕೆರೆ ಥರ ಇರುತ್ತೆ. ಬಿಸಿಲೇರಿದ ಮೇಲೆ ನೆಲ ಬೇಗ ಕಾಯುತ್ತೆ, ಸಮುದ್ರ ಅಷ್ಟು ಬೇಗ ಕಾಯಲ್ಲ. ಆಗ ಗಾಳಿ ತಿರುಗಿ ಪಡುವಣ, ವಾಯುವ್ಯ ಕಡೆಯಿಂದ ಒಳಗೆ ಬರೋಕೆ ಶುರು ಮಾಡುತ್ತೆ. ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೆ ಅದು ಜೋರು. ದ್ವೀಪಕ್ಕೆ ಹೋದವರು ಪೂಜೆ, ಊಟ, ಫೋಟೋ ಎಲ್ಲ ಮುಗಿಸಿ ಹೊರಡೋದೂ ಅದೇ ಹೊತ್ತಿಗೆ.

ಇದರ ಜೊತೆ ಭರತಿ-ಇಳಿತದ ಲೆಕ್ಕ ಸೇರಿಸಿ. ಹುಣ್ಣಿಮೆ, ಅಮಾವಾಸ್ಯೆಗೆ ಭರತಿ ದೊಡ್ಡದು. ಆ ದಿನಗಳಲ್ಲಿ ನಮ್ಮ ಕಡೆ ಸುಮಾರು ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿ, ಆಮೇಲೆ ಇಳಿಯೋಕೆ ಶುರು. ಅಂದರೆ ಮೂರು ಗಂಟೆ ಸುಮಾರಿಗೆ ಕಾಳಿ ನದಿ ನೀರು ಅಳಿವೆಯಿಂದ ಹೊರಗೆ ಓಡ್ತಾ ಇರುತ್ತೆ, ಗಾಳಿ ಹೊರಗಿಂದ ಒಳಗೆ ತಳ್ತಾ ಇರುತ್ತೆ. ಎರಡೂ ಎದುರಾದ ಕಡೆ ಅಲೆ ಗಿಡ್ಡ, ಕಡಿದು. ಅಳಿವೆಯ ಮರಳ ದಿಬ್ಬದ ಮೇಲೆ ಅದು ಇನ್ನೂ ಎದ್ದು ಒಡೆಯುತ್ತೆ. ಹಿಂದಿನಿಂದ ಅಲೆ ಹೊಡೆದು ಬೋಟ್ ಅಡ್ಡ ತಿರುಗಿದರೆ, ಜನ ಎದ್ದು ಒಂದೇ ಕಡೆ ಬಂದರೆ ಕೆಲಸ ಕೆಟ್ಟಿತು. 2019ರ ದುರಂತಕ್ಕೆ ಗಾಳಿ, ಇಳಿತವೇ ಕಾರಣ ಅಂತ ನಾನು ಹೇಳ್ತಿಲ್ಲ. ಜನ ಹೆಚ್ಚು, ಜಾಕೆಟ್ ಕಡಿಮೆ ಇದ್ದದ್ದು ಮರೆಸೋಕೆ ಸಮುದ್ರದ ಮೇಲೆ ತಪ್ಪು ಹೊರಿಸಬಾರದು. ಆದರೆ ಜಾತ್ರೆ ಯಾವತ್ತೂ ಹುಣ್ಣಿಮೆಗೇ ಬರುತ್ತೆ, ಜನ ಯಾವತ್ತೂ ಮಧ್ಯಾಹ್ನದ ಮೇಲೆಯೇ ವಾಪಸ್ ಬರ್ತಾರೆ ಅನ್ನೋದು ತಲೆಯಲ್ಲಿ ಇರಲಿ.

ಕಾಳಿ ಅಳಿವೆಯ ವಿಷಯದಲ್ಲಿ ರವೀಂದ್ರನಾಥ ಟ್ಯಾಗೋರರದ್ದೊಂದು ಕಥೆ ಇದೆ. ಟ್ಯಾಗೋರ್ ಬೀಚ್ ಅಂತ ದಿನಾ ಹೇಳ್ತೀವಿ, ಇದು ಮಾತ್ರ ಕಡಿಮೆ ಜನಕ್ಕೆ ಗೊತ್ತು. 1880ರ ದಶಕದ ಮೊದಲಿಗೆ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು, ತಮ್ಮ ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಮನೆಯವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿ ನದಿ ಮೇಲೆ ಹೋಗಿದ್ದನ್ನು ಟ್ಯಾಗೋರ್ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ವಾಪಸ್ ಇಳಿತದ ಜೊತೆ ಬಂದರು. ಅಳಿವೆ ಮುಟ್ಟೋವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಸಮುದ್ರದ ಮೇಲೆ ಹೋಗೋದು ಬಿಟ್ಟು ಅಲ್ಲೇ ಇಳಿದು ಮರಳಲ್ಲಿ ನಡೆದು ಮನೆಗೆ ಹೋದರು. ಕವಿತೆ ಹುಟ್ಟಿದ್ದು ಆ ನಡಿಗೆಯಿಂದ ಅಂತಾರೆ. ನನಗೆ ಅದಕ್ಕಿಂತ ದೋಣಿ ಇಳಿಯೋ ನಿರ್ಧಾರ ಇಷ್ಟ.

ಹಾಯಿ ಬೋಟ್ ಬೇರೆ ಥರ

ನಮ್ಮ ಗಿಲ್‌ನೆಟ್ ದೋಣಿ, ಟೂರಿಸ್ಟ್ ಬೋಟ್ ತಳ ಚಪ್ಪಟೆ, ದಂಡೆವರೆಗೂ ಬರುತ್ತೆ. ಸಮುದ್ರ ದಾಟೋ ಹಾಯಿ ಬೋಟ್‌ಗೆ ತಳದಲ್ಲಿ ಮೀನಿನ ರೆಕ್ಕೆ ಥರ ಒಂದು ಭಾರದ ಹಲಗೆ ಇರುತ್ತೆ, ಕೀಲ್ ಅಂತಾರೆ. ಅದರಲ್ಲಿ ಸೀಸವೋ ಕಬ್ಬಿಣವೋ ತುಂಬಿರುತ್ತೆ. ಗಾಳಿಗೆ ಬೋಟ್ ವಾಲುತ್ತೆ, ಕೂತವರಿಗೆ ಜೀವ ಬಾಯಿಗೆ ಬರುತ್ತೆ, ಆದರೆ ಕೆಳಗಿನ ಭಾರ ಎಳೆದು ನಿಲ್ಲಿಸುತ್ತೆ. ವಾಲಿದಾಗ ಹೆದರಿ ಎದ್ದು ನಿಲ್ಲಬೇಡಿ, ಕೂತಲ್ಲೇ ಹಿಡ್ಕೊಳ್ಳಿ.

ಭಯ ಪಡಬೇಕಾದ್ದು ಬೂಮ್‌ಗೆ. ಹಾಯಿಯ ಕೆಳಗೆ ಅಡ್ಡಕ್ಕೆ ಇರೋ ಕೋಲು ಅದು. ಬೋಟ್ ದಿಕ್ಕು ಬದಲಿಸುವಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿ ಬರುತ್ತೆ, ತಲೆಗೆ ಬಡಿದರೆ ಮನುಷ್ಯ ನೀರಿಗೆ. ಬೋಟ್‌ನವರು ತಲೆ ತಗ್ಗಿಸಿ ಅಂದಾಗ ಸೆಲ್ಫಿ ಬಿಟ್ಟು ತಗ್ಗಿಸಬೇಕು.

ಕೀಲ್ ಇರೋದರಿಂದಲೇ ಈ ಬೋಟ್‌ಗೆ ಆಳ ಬೇಕು, ಸುಮಾರು ಎರಡು ಮೀಟರ್. ಹಾಗಾಗಿ ಕೋಡಿಬಾಗಕ್ಕೋ ದೇವಬಾಗದ ದಂಡೆಗೋ ಬರೋಕಾಗಲ್ಲ. ಹೊರಗೆ ಲಂಗರು ಹಾಕುತ್ತೆ. ನೀವು ಅಲ್ಲಿಗೆ ಹೋಗೋದು ರಬ್ಬರ್ ದೋಣಿಯಲ್ಲಿ. ಡಿಂಗಿ ಅಂತಾರೆ, ಮೂರು-ನಾಲ್ಕು ಜನಕ್ಕೆ ಆಗುತ್ತೆ ಅಷ್ಟೇ. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಅಪಾಯ ಇರೋದು ಇಲ್ಲೇ. ದೊಡ್ಡ ಬೋಟ್ ಗಟ್ಟಿ, ನಡೆಸೋನು ಪಳಗಿದವನು, ಎಲ್ಲ ಸರಿ. ಆದರೆ ದಂಡೆಯಿಂದ ಬೋಟ್‌ಗೆ ಆರು ಜನ ಒಂದೇ ಸಲ ಡಿಂಗಿ ಹತ್ತಿ, ಅದರಲ್ಲಿ ಒಬ್ಬರ ಕೈಯಲ್ಲಿ ಮಗು, ಇನ್ನೊಬ್ಬರ ಕೈಯಲ್ಲಿ ಊಟದ ಡಬ್ಬಿ. ಎರಡು ಸಲ ಹೋದರೆ ಹತ್ತು ನಿಮಿಷ ಹೆಚ್ಚು, ಅಷ್ಟೇ ತಾನೇ. ಜಾಕೆಟ್ ಹಾಕಬೇಕಾದ್ದು ದೊಡ್ಡ ಬೋಟ್ ಹತ್ತಿದ ಮೇಲಲ್ಲ, ಡಿಂಗಿ ಹತ್ತೋಕೆ ಮುಂಚೆ, ದಂಡೆ ಮೇಲೆ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತೆ, ಮಗು ಕೆಳಗೆ ಜಾರುತ್ತೆ. ಗೆಳೆಯರ ಬೋಟ್‌ನಲ್ಲಿ ಜಾಕೆಟ್ ಎಷ್ಟಿವೆ ಅಂತ ಫೋನ್‌ನಲ್ಲೇ ಕೇಳಿ. ಆರು ಅಂದರೆ ಬೋಟ್‌ನವರೂ ಸೇರಿ ಆರೇ ಜನ. ನಾಚಿಕೆ ಪಡೋ ಮಾತೇ ಇಲ್ಲ, ಬೋಟ್ ಇಟ್ಟವರು ಈ ಪ್ರಶ್ನೆಗೆ ಖುಷಿಯೇ ಪಡ್ತಾರೆ.

ಯಾವ ದ್ವೀಪಕ್ಕೆ?

ಕುರ್ಮಗಡಕ್ಕೆ ಹೋಗಬಹುದು. ದೇವಗಡ ಇದೆ, ಆಯ್ಸ್ಟರ್ ರಾಕ್ ಅಂತ ನಕ್ಷೆಯಲ್ಲಿ ಬರೆದಿರ್ತಾರೆ. ಅಲ್ಲಿನ ದೀಪಸ್ತಂಭ 1864ರದ್ದು, ರಾತ್ರಿ ಬೀಚ್‌ನಿಂದ ಕಾಣೋ ಬೆಳಕು ಅದೇ. ಹವಳ, ಮೀನು ನೋಡೋ ಆಸೆ ಇದ್ದರೆ ಅದು ನೇತ್ರಾಣಿ, ಮುರುಡೇಶ್ವರದ ಎದುರು, ಇಲ್ಲಿಂದ ಒಂದು ದಿನದ ಮಾತಲ್ಲ.

ಅಂಜುದೀವಿಗೆ ಮಾತ್ರ ಕೈ ಹಾಕಬೇಡಿ. ಹಾಯಿ ಹಡಗಿನವರು ಓದಿರೋ ಪುಸ್ತಕದಲ್ಲೆಲ್ಲ ಅದರ ಹೆಸರು ಇರುತ್ತೆ, ಯಾಕಂದರೆ ವಾಸ್ಕೋ ಡ ಗಾಮಾ 1498ರಲ್ಲಿ ಅಲ್ಲಿ ನಿಂತಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1961ರ ಡಿಸೆಂಬರ್‌ನಲ್ಲಿ ಅದನ್ನು ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ಜನ ಜೀವ ಕೊಟ್ಟರು. ಲೆಕ್ಕದಲ್ಲಿ ಗೋವಾಕ್ಕೆ ಸೇರಿದ ಈ ದ್ವೀಪ ಈಗ ಸೀಬರ್ಡ್ ಯೋಜನೆಯ ಅಲೆತಡೆಗೋಡೆಯಿಂದ ದಂಡೆಗೇ ಸೇರಿಕೊಂಡಿದೆ, ಐಎನ್‌ಎಸ್ ಕದಂಬ ನೆಲೆಯ ಒಳಗೆ. ಆ ನೆಲೆ ಶುರುವಾಗಿದ್ದು 2005ರಲ್ಲಿ. ಅದಕ್ಕಾಗಿ ಮನೆ, ಗದ್ದೆ ಬಿಟ್ಟ ಕಾರವಾರ-ಅಂಕೋಲಾ ಹಳ್ಳಿಯವರಿಗೇ ಅಲ್ಲಿನ ಬೀಚ್‌ಗೆ ಕಾಲಿಡೋಕಾಗಲ್ಲ, ಇನ್ನು ಹೊರಗಿನ ಬೋಟ್ ಬಿಡ್ತಾರಾ? ಅಂಕೋಲಾದವರು ಬೇಲೇಕೇರಿ ಕಡೆಯಿಂದ ಬೋಟ್ ಹತ್ತಿ ಕಾರವಾರಕ್ಕೆ ಬರೋದಾದರೆ ನೆಲೆಯಿಂದ ದೂರ, ಹೊರಗಿನಿಂದಲೇ ಬರಬೇಕು. ಡ್ರೋನ್ ಹಾರಿಸೋ ಯೋಚನೆ ಬಿಡಿ.

ಹಾಯಿ ಹಡಗು ಅಂದರೆ ವಿದೇಶಿಯರದ್ದೇ ಅಂತಲೂ ಅಂದ್ಕೋಬೇಡಿ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಮಾಡಿದ ಐಎನ್‌ಎಸ್‌ವಿ ಕೌಂಡಿನ್ಯ 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿದ್ದು. ಅಜಂತಾ ಗುಹೆಯ ಚಿತ್ರ ನೋಡಿ ಮಾಡಿದ ಹಡಗು, ಹಾಯಿ ಮೇಲೆ ಗಂಡಭೇರುಂಡ ಇದೆ. ಅದೇ ವರ್ಷ ಡಿಸೆಂಬರ್ 29ಕ್ಕೆ ಪೋರಬಂದರ್‌ನಿಂದ ಹೊರಟು ಜನವರಿ ಮಧ್ಯಕ್ಕೆ ಮಸ್ಕತ್ ಮುಟ್ಟಿತು.

ಕಾಗದ-ಪತ್ರದ ವಿಷಯ

ಗೆಳೆಯರು ಭಾರತದವರೇ ಆಗಿದ್ದರೆ, ಬೋಟ್ ಬರೋ ಮುಂಚೆ ಬೈತಖೋಲದ ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ತಿಳಿಸಿದರೆ ತಲೆನೋವಿಲ್ಲ. ಕಾವಲು ಪೊಲೀಸ್ ಠಾಣೆ ಕಾರವಾರದಲ್ಲೂ ಇದೆ, ಬೇಲೇಕೇರಿಯಲ್ಲೂ ಇದೆ. 2008ರಲ್ಲಿ ಮುಂಬೈಗೆ ಉಗ್ರರು ಬಂದದ್ದು ಮೀನಿನ ಬೋಟ್‌ನಲ್ಲಿ. ಅವತ್ತಿಂದ ಗುರುತಿಲ್ಲದ ಬೋಟ್ ಕಂಡರೆ ನಮ್ಮ ಮೀನುಗಾರರೇ ಫೋನ್ ಮಾಡ್ತಾರೆ, ಮಾಡಬೇಕು ಕೂಡ.

ವಿದೇಶಿ ಬೋಟ್ ಆದರೆ ನೇರವಾಗಿ ಕುರ್ಮಗಡಕ್ಕೆ ಬಂದು ಲಂಗರು ಹಾಕೋ ಹಾಗಿಲ್ಲ. ಮೊದಲು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಬೇಕು. ಇ-ವೀಸಾದವರು ಸಮುದ್ರದಿಂದ ದೇಶದೊಳಗೆ ಬರಬಹುದಾದ ಬಂದರುಗಳಲ್ಲಿ ನಮಗೆ ಹತ್ತಿರದವು ಮರ್ಮಗೋವಾ ಮತ್ತು ನವಮಂಗಳೂರು. ಸ್ಯಾಟಲೈಟ್ ಫೋನ್ ಇದ್ದರೆ ಅನುಮತಿ ಇಲ್ಲದೆ ಇಲ್ಲಿ ಬಳಸೋ ಹಾಗಿಲ್ಲ. ಇದರಲ್ಲಿ ಸಿಕ್ಕಿಬಿದ್ದವರು ಇದ್ದಾರೆ, ಮೊದಲೇ ಹೇಳಿಬಿಡಿ. ಅವರು ನಿಮ್ಮ ಮನೆಯಲ್ಲೋ ಹೋಂಸ್ಟೇಯಲ್ಲೋ ರಾತ್ರಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ದೊಡ್ಡ ಹೋಟೆಲ್‌ಗೆ ಮಾತ್ರ ಈ ನಿಯಮ ಅಂತ ಬಹಳ ಜನ ಅಂದ್ಕೊಂಡಿದ್ದಾರೆ, ಹಾಗಲ್ಲ.

ಅಂಗಡಿಯವರಿಗೆ

ಬೋಟ್‌ನಲ್ಲಿ ಬಂದವರಿಗೆ ಬೇಕಾಗೋದು ಶೋಕಿ ಸಾಮಾನಲ್ಲ. ಕುಡಿಯೋ ನೀರಿನ ಕ್ಯಾನ್, ಐಸ್, ಡೀಸೆಲ್, ಬೇಗ ಹಾಳಾಗದ ತರಕಾರಿ, ಕೋಕಂ, ಬಿಸ್ಕಿಟ್. ಅವರು ಭಾನುವಾರ ಇಲ್ಲಿ ಇರೋ ಹಾಗಿದ್ದರೆ ಕಾರವಾರದ ಸಂತೆಗೆ ಕರ್ಕೊಂಡು ಬನ್ನಿ. ಅಂಕೋಲಾ ಕಡೆಯ ಹಾಲಕ್ಕಿ ಹೆಂಗಸರು ತರೋ ಸೊಪ್ಪು, ತರಕಾರಿ ಅಲ್ಲಿ ಸಿಗುತ್ತೆ. ಸೀಸನ್ ಕೊನೆಗೆ, ಮೇ ತಿಂಗಳಲ್ಲಿ ಬಂದರೆ ಕರಿ ಇಶಾಡ ಮಾವು ಕೊಡದೆ ಕಳಿಸಬೇಡಿ. ಬಾಳೆಹಣ್ಣು ಬೇಡ ಅಂದರೆ ಬೇಜಾರು ಮಾಡ್ಕೋಬೇಡಿ. ಪಾಶ್ಚಾತ್ಯ ನಾವಿಕರಲ್ಲಿ ಬೋಟ್‌ನಲ್ಲಿ ಬಾಳೆಹಣ್ಣು ಇಟ್ಟರೆ ಅಪಶಕುನ ಅಂತ ಹಳೇ ನಂಬಿಕೆ ಇದೆ. ನಮ್ಮವರು ಕುರ್ಮಗಡದ ದೇವರಿಗೆ ಬೋಟ್ ತುಂಬ ಬಾಳೆಗೊನೆ ಒಯ್ಯೋದನ್ನ ನೋಡಿದರೆ ಏನಂತಾರೋ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬೋಟ್‌ಗಳೇ ದಡ ಸೇರಿರ್ತವೆ, ಆ ಸಮಯದಲ್ಲಿ ಯಾರು ಕರೆದರೂ ಹೋಗೋದು ಬೇಡ. ಉಳಿದ ದಿನ, ಬೆಳಿಗ್ಗೆ ಬೇಗ ಹೋಗಿ ಹನ್ನೆರಡರೊಳಗೆ ವಾಪಸ್ ಹೊರಡಿ. ಇಲ್ಲದಿದ್ದರೆ ಗಾಳಿ ಇಳಿಯೋವರೆಗೆ ದ್ವೀಪದ ಮರೆಯಲ್ಲಿ ಬೋಟ್‌ನಲ್ಲೇ ಇರಿ. ಹಾಯಿ ಬೋಟ್‌ನ ಸುಖ ಅದೇ, ಒಳಗೆ ಮಲಗೋಕೆ ಜಾಗ ಇರುತ್ತೆ, ರಾತ್ರಿ ಉಳಿದು ಮಾರನೇ ದಿನ ಬೆಳಿಗ್ಗೆ ದಡಕ್ಕೆ ಬರಬಹುದು. ವಾಂತಿ ಆಗೋರು ಮಾತ್ರೆಯನ್ನ ಹತ್ತಿದ ಮೇಲಲ್ಲ, ಅರ್ಧ-ಮುಕ್ಕಾಲು ಗಂಟೆ ಮುಂಚೆ ತಗೋಬೇಕು.

ಹೊರಡುವಾಗ ಒಂದು ಚೀಟಿಯಲ್ಲಿ ಬೋಟ್ ಹೆಸರು, ಬಣ್ಣ, ಹೋಗಿರೋರ ಹೆಸರು, ವಾಪಸ್ ಬರೋ ಹೊತ್ತು ಬರೆದು ದಡದಲ್ಲಿ ಇರೋ ಒಬ್ಬರಿಗೆ ಕೊಡಿ. ಮನೆಯವರಾದರೂ ಸರಿ, ಕೋಡಿಬಾಗದ ಪರಿಚಯದ ಅಂಗಡಿಯವರಾದರೂ ಸರಿ. ವಾಟ್ಸಾಪ್‌ನಲ್ಲಿ ಹಾಕಿದರೂ ನಡೆಯುತ್ತೆ. ಹೇಳಿದ ಹೊತ್ತು ಮೀರಿ ಒಂದು ತಾಸಾದರೂ ಬರದಿದ್ದರೆ, ಫೋನೂ ಹತ್ತದಿದ್ದರೆ, ಚೀಟಿ ಇಟ್ಕೊಂಡವರು ಕಾಯ್ತಾ ಕೂರಬಾರದು. ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554, ಎರಡೂ ಆಗದಿದ್ದರೆ 112.