ಅಂಕ ಕಡಿಮೆ ಬಂದರೆ ಕಾನೂನಿನ ಬಾಗಿಲು ಮುಚ್ಚಿತೇ?

ಡಿಸೆಂಬರ್ ಎಂದರೆ ಸಗರದ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ. ಮಗನೋ ಮಗಳೋ ವಕೀಲಿ ಓದಬೇಕೆಂದಿರುವ ಮನೆಗೆ ಅದು ‘ಕ್ಲ್ಯಾಟ್’ ಪ್ರವೇಶ ಪರೀಕ್ಷೆಯ ತಿಂಗಳೂ ಹೌದು. ಫಲಿತಾಂಶ ಬಂದ ದಿನ ಅಪ್ಪ ಕೇಳುತ್ತಾನೆ: ‘ಎಷ್ಟ್ ಬಂದಾವ?’ ಅಂಕ ಕೇಳಿದ ಮೇಲೆ ಮನೆಯಲ್ಲಿ ಮಾತಿಲ್ಲ.

ಆಸೆ ದೊಡ್ಡದೇ. ಬೆಂಗಳೂರಿನಲ್ಲಿ 1987ರಲ್ಲಿ ಆರಂಭವಾದ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳಿಗೆ 2008ರಿಂದ ಈ ಸಾಮಾನ್ಯ ಪರೀಕ್ಷೆಯೇ ಹೆಬ್ಬಾಗಿಲು. ಅದೇ ವರ್ಷ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು. ವಕೀಲಿ ಈ ಭಾಗದವರಿಗೆ ಈಗ ದೂರದ ಮಾತಲ್ಲ.

ಎಡವಿದ್ದು ಎಲ್ಲಿ?

ಮೊದಲ ಸಲ ಸೋತವರು ಸಾಮಾನ್ಯವಾಗಿ ದಪ್ಪ ಪುಸ್ತಕ ಕೊಳ್ಳಲು ಹೊರಡುತ್ತಾರೆ. ಅದಕ್ಕೂ ಮೊದಲು ಬರೆದು ಬಂದ ಪ್ರಶ್ನೆಪತ್ರಿಕೆಯನ್ನೇ ಮತ್ತೆ ಬಿಡಿಸಬೇಕು. ತಪ್ಪುಗಳನ್ನು ಮೂರು ಪಟ್ಟಿ ಮಾಡಬೇಕು: ಗೊತ್ತಿರಲಿಲ್ಲ, ಓದಿದ್ದು ಅರ್ಥವಾಗಲಿಲ್ಲ, ಸಮಯ ಸಾಲಲಿಲ್ಲ. ಕನ್ನಡ ಮಾಧ್ಯಮದಿಂದ ಬಂದವರ ತಪ್ಪುಗಳು ಹೆಚ್ಚಾಗಿ ಕೊನೆಯ ಎರಡರಲ್ಲಿ ಬೀಳುತ್ತವೆ. ಪರೀಕ್ಷೆ ಇಂಗ್ಲಿಷಿನಲ್ಲಿದೆ, ಸುಮಾರು 450 ಪದಗಳ ಗದ್ಯಭಾಗ ಓದಿ ಉತ್ತರಿಸಬೇಕು. ಕಾನೂನಿನ ಪ್ರಶ್ನೆಗೂ ಬೇಕಾದ ನಿಯಮ ಆ ಗದ್ಯದಲ್ಲೇ ಇರುತ್ತದೆ. ಕೊರತೆ ಬುದ್ಧಿಯದಲ್ಲ, ಓದಿನ ವೇಗದ್ದು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಇದಕ್ಕೆ ಒಳ್ಳೆಯ ಮದ್ದು.

ಕಾಲು ಅಂಕದ ಲೆಕ್ಕ

2023ರ ಡಿಸೆಂಬರ್ ಪರೀಕ್ಷೆಯಿಂದ 120 ನಿಮಿಷಕ್ಕೆ 120 ಪ್ರಶ್ನೆ. ತಪ್ಪಿಗೆ ಕಾಲು ಅಂಕ ಕಡಿತ. 110 ಪ್ರಶ್ನೆ ಮುಟ್ಟಿ 60 ಸರಿ ಮಾಡಿದವನಿಗೆ ಸಿಗುವುದು 47.5 ಅಂಕ. 90 ಮುಟ್ಟಿ ಅದೇ 60 ಸರಿ ಮಾಡಿದವನಿಗೆ 52.5. ಓದಿದ್ದು ಇಬ್ಬರೂ ಅಷ್ಟೇ; ಐದು ಅಂಕ ತಂದದ್ದು ಸಂಯಮ. ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲಿ ಸಿಗುತ್ತವೆ. ವಾರಕ್ಕೊಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಈ ಸಂಯಮ ಕೈಗೆ ಬರುತ್ತದೆ.

ಪಾಲಕರು ಯೋಚಿಸಬೇಕಾದ್ದು

ಮೊದಲು ಪಿಯುಸಿ. ಡಿಸೆಂಬರಿನ ದುಃಖ ಮಾರ್ಚ್ ಪರೀಕ್ಷೆಯನ್ನು ತಿನ್ನಬಾರದು. ಕ್ಲ್ಯಾಟ್‌ಗೆ ಗರಿಷ್ಠ ವಯೋಮಿತಿ ಇಲ್ಲ, ಮುಂದಿನ ವರ್ಷ ಮತ್ತೆ ಬರೆಯಬಹುದು. ಆದರೆ ವರ್ಷವಿಡೀ ಮನೆಯಲ್ಲಿ ಕೂರುವ ಬದಲು ಪದವಿಗೆ ಸೇರಿ ಓದುವುದು ಕ್ಷೇಮ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ‘ಹ್ಯಾಂಗೂ ಮನ್ಯಾಗ ಅದಾಳ’ ಎಂಬ ಮಾತು ಮದುವೆಯ ಮಾತಾಗಲು ಹೆಚ್ಚು ದಿನ ಬೇಡ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಆಕೆಯ ಓದಿಗೆ ಅದೇ ರಕ್ಷಣೆ.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ರಾಷ್ಟ್ರೀಯ ಕಾನೂನು ಶಾಲೆಗಳ ಶುಲ್ಕ ಲಕ್ಷಗಳಲ್ಲಿದೆ. ವಿದ್ಯಾರ್ಥಿವೇತನ, ಬ್ಯಾಂಕ್ ಸಾಲದ ವಿಚಾರಣೆ ಅರ್ಜಿ ಹಾಕುವ ಮುನ್ನವೇ ಆಗಲಿ. ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 25 ಮೀಸಲಾತಿ ಇರುವುದು ಗಮನದಲ್ಲಿರಲಿ. ಬಡ ಮಕ್ಕಳಿಗೆ ಈ ಪರೀಕ್ಷೆಯ ತರಬೇತಿ ಕೊಡಲೆಂದೇ ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ‘ಇಡಿಯಾ’ ಎಂಬ ಸಂಸ್ಥೆ ಕಟ್ಟಿದರು.

ಎರಡನೆಯ ಸಲವೂ ಸೀಟು ಸಿಗದಿದ್ದರೆ? ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕ್ಲ್ಯಾಟ್ ಇಲ್ಲದೆಯೇ ಐದು ವರ್ಷದ ಕೋರ್ಸಿಗೆ ಸೇರಬಹುದು. ಪದವಿಯ ನಂತರ ಮೂರು ವರ್ಷದ್ದೂ ಉಂಟು. ಯಾವ ಕಾಲೇಜಿನಲ್ಲಿ ಓದಿದರೂ ವಕೀಲರ ಪರಿಷತ್ತಿನ ನೋಂದಣಿ ಒಂದೇ, ಧರಿಸುವ ಕರಿಕೋಟೂ ಒಂದೇ.

ಹೀಗಾಗಿ ಫಲಿತಾಂಶದ ದಿನ ‘ಎಷ್ಟ್ ಬಂದಾವ?’ ಎಂದು ಕೇಳಿದ ಅಪ್ಪ ಮರುದಿನ ಇನ್ನೊಂದು ಪ್ರಶ್ನೆ ಕೇಳಲಿ: ‘ಎಲ್ಲಿ ತಪ್ಪಿತು, ತೋರ್ಸು ನೋಡೂಣು.’ ಮರುಓದು ಶುರುವಾಗುವುದು ಅಲ್ಲಿಂದಲೇ.